ತಾವರೆಯ ನಂಟರು ಯಾರು? ನಿಲಂಬೋನೇಸಿ ಕುಟುಂಬದ ವರ್ಗೀಕರಣ

ನಿಲಂಬೋನೇಸಿ ಕುಟುಂಬದಲ್ಲಿ ಇಂದು ಉಳಿದಿರುವುದು ಒಂದೇ ಕುಲ, ಎರಡೇ ಪ್ರಭೇದ: ಏಷ್ಯಾ ಮತ್ತು ಉತ್ತರ ಆಸ್ಟ್ರೇಲಿಯಾದಲ್ಲಿ ಗುಲಾಬಿ ಇಲ್ಲವೇ ಬಿಳಿ ಹೂ ಬಿಡುವ ನಿಲಂಬೊ ನ್ಯೂಸಿಫೆರಾ, ಅಂದರೆ ನಮ್ಮ ತಾವರೆ, ಮತ್ತು ಅಮೆರಿಕದ ಹಳದಿ ಹೂವಿನ ನಿಲಂಬೊ ಲೂಟಿಯಾ. ಸಂಸಾರ ಚಿಕ್ಕದಾದರೂ ವರ್ಗೀಕರಣಕಾರರನ್ನು ಇದು ಎರಡು ಶತಮಾನಕ್ಕೂ ಹೆಚ್ಚು ಕಾಲ ಕಾಡಿದೆ.

1753ರಲ್ಲಿ ಲಿನೇಯಸ್ ತಾವರೆಯನ್ನು ನೈದಿಲೆಯ ಕುಲಕ್ಕೇ ಸೇರಿಸಿದ. ಹತ್ತು ವರ್ಷಗಳ ಬಳಿಕ ಫ್ರಾನ್ಸಿನ ಅಡನ್ಸನ್ ಅದಕ್ಕೆ ಬೇರೆ ಕುಲ ಕಟ್ಟಿದ. ಆದರೂ ನಮ್ಮ ಕಾಲೇಜುಗಳು ನೆಚ್ಚಿಕೊಂಡ ಬೆಂಥಮ್-ಹುಕರ್ ಪದ್ಧತಿಯಲ್ಲಿ ಅದು ನೈದಿಲೆಯ ಕುಟುಂಬದೊಳಗೇ ಉಳಿಯಿತು.

ಗಿಡವನ್ನೇ ಕೈಗೆತ್ತಿಕೊಂಡು ನೋಡಿದರೆ ಈ ನಂಟು ಅನುಮಾನ ಹುಟ್ಟಿಸುತ್ತದೆ. ನೈದಿಲೆಯ ಎಲೆ ನೀರಿಗೆ ಅಂಟಿಕೊಂಡು ತೇಲುತ್ತದೆ, ತೊಟ್ಟಿನವರೆಗೂ ಸೀಳಿರುತ್ತದೆ. ತಾವರೆಯ ಎಲೆಯಲ್ಲಿ ಸೀಳಿಲ್ಲ. ತೊಟ್ಟು ನಟ್ಟನಡುವೆ ಕೂಡಿಕೊಂಡು ಬೆಳೆದ ಎಲೆಯನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತದೆ. ಹೂವಿನ ನಡುವೆ ತಲೆಕೆಳಗಾದ ಶಂಕುವಿನಂಥ ಪೀಠ. ಅದರ ಮಟ್ಟಸವಾದ ಮೇಲ್ಮೈಯಲ್ಲಿ ಜೇನುಹಲ್ಲೆಯಂತೆ ಗುಳಿಗಳು, ಗುಳಿಗೊಂದರಂತೆ ಬಿಡಿ ಅಂಡಾಶಯ. ಪ್ರತಿ ಕೇಸರದ ತುದಿಗೂ ಬಿಳಿಯ ಪುಟ್ಟ ಕುಚ್ಚು. ನೈದಿಲೆಯಲ್ಲಿ ಅಂಡಾಶಯಗಳು ಒಂದಾಗಿ ಬೆಸೆದಿರುತ್ತವೆ, ಕಾಯಿ ನೀರಿನೊಳಗೇ ಮಾಗುತ್ತದೆ.

ನಿರ್ಣಾಯಕ ಸಾಕ್ಷಿ ಮಾತ್ರ ಬರಿಗಣ್ಣಿಗೆ ಕಾಣದು. ತಾವರೆಯ ಪರಾಗದ ಮೇಲೆ ಮೂರು ಸೀಳುಗಳಿವೆ. ಇದು ಯೂಡೈಕಾಟ್ ಎಂಬ ಮಹಾಬಳಗದ ಗುರುತು. ನೈದಿಲೆ ಆ ಬಳಗಕ್ಕೆ ಸೇರಿದ್ದಲ್ಲ. 1993ರಲ್ಲಿ ಮಾರ್ಕ್ ಚೇಸ್ ಮತ್ತು ಸಂಗಡಿಗರು ಪ್ರಕಟಿಸಿದ ಡಿಎನ್‌ಎ ವಿಶ್ಲೇಷಣೆ ಹೇಳಿದ ಉತ್ತರವನ್ನು ಯಾರೂ ಊಹಿಸಿದಂತಿರಲಿಲ್ಲ: ತಾವರೆಯ ಹತ್ತಿರದ ನಂಟರು ಕಾಶ್ಮೀರದ ಚಿನಾರ್ ಮರದ ಕುಟುಂಬ ಮತ್ತು ಪ್ರೋಟಿಯೇಸಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಸಿಲ್ವರ್ ಓಕ್ ಈ ಪ್ರೋಟಿಯೇಸಿಯದೇ ಮರ! ಕೆರೆಯಲ್ಲಿ ನೆರೆಹೊರೆಯಾದ ತಾವರೆ-ನೈದಿಲೆಗಳಿಗೆ ಹೋಲಿಕೆ ತಂದದ್ದು ವಂಶವಲ್ಲ, ನೀರಿನ ಬಾಳು. ಹೂಬಿಡುವ ಸಸ್ಯಗಳ ವಂಶಾವಳಿ ಕಟ್ಟುವ ವಿಜ್ಞಾನಿಗಳ ಕೂಟವಾದ ಎಪಿಜಿಯ 1998ರ ವರ್ಗೀಕರಣ ಮೂರೂ ಕುಟುಂಬಗಳನ್ನು ಪ್ರೋಟಿಯೇಲಿಸ್ ಗಣದಲ್ಲಿ ಕೂರಿಸಿತು. 2016ರ ಪರಿಷ್ಕರಣೆ ಸೇಬಿಯೇಸಿ ಕುಟುಂಬವನ್ನೂ ಅಲ್ಲಿಗೇ ಸೇರಿಸಿತು.

ಗುಣಲಕ್ಷಣಗಳಲ್ಲಿ ವಿಸ್ಮಯಗಳಿಗೂ ಕೊರತೆಯಿಲ್ಲ. ಹೊರಗೆ 10 ಡಿಗ್ರಿ ಸೆಲ್ಸಿಯಸ್ ಚಳಿಯಿದ್ದರೂ ಅರಳುವ ತಾವರೆ ತನ್ನ ಒಡಲನ್ನು 30ರಿಂದ 36 ಡಿಗ್ರಿಯಷ್ಟು ಬೆಚ್ಚಗಿಟ್ಟುಕೊಳ್ಳುವುದನ್ನು ಅಡಿಲೇಡ್‌ನಲ್ಲಿ ಅಳೆದ ಸೀಮರ್ ಮತ್ತು ಶುಲ್ಟ್ಸ್-ಮೋಟೆಲ್ 1996ರಲ್ಲಿ ವರದಿ ಮಾಡಿದರು. ಈಶಾನ್ಯ ಚೀನಾದ ಒಣ ಕೆರೆಯಂಗಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯ ಬೀಜ ಮೊಳೆತದ್ದೂ ದಾಖಲಾಗಿದೆ.

ಇನ್ನೂ ಬಗೆಹರಿಯದ ತಕರಾರು ಪ್ರಭೇದಗಳ ಮಟ್ಟದ್ದು. ಎರಡರಲ್ಲೂ ವರ್ಣತಂತುಗಳು 16. ಪರಸ್ಪರ ಕೂಡಿಸಿದರೆ ಮಿಶ್ರತಳಿಗಳೂ ಹುಟ್ಟುತ್ತವೆ. ಹೀಗಾಗಿ ಹಳದಿ ತಾವರೆಯನ್ನು ನ್ಯೂಸಿಫೆರಾದ ಉಪಪ್ರಭೇದವೆಂದೇ ಎಣಿಸುವವರಿದ್ದಾರೆ. ಅವರ ಲೆಕ್ಕ ಹಿಡಿದರೆ ಇಡೀ ಕುಟುಂಬಕ್ಕೆ ಉಳಿಯುವುದು ಒಂದೇ ಪ್ರಭೇದ.