ಬಯಾಪ್ಸಿ

‘ಬಯಾಪ್ಸಿಗೆ ಕಳಿಸಿದ್ದಾರೆ’ ಅಂದರೆ ಸಾಕು, ಮನೆಯವರ ಮುಖ ಬಾಡುತ್ತದೆ. ಪದದ ಹುಟ್ಟಿನಲ್ಲಿ ಆ ಭಯವಿಲ್ಲ. ಗ್ರೀಕಿನ ‘ಬಯೋಸ್’ ಎಂದರೆ ಬದುಕು, ‘ಆಪ್ಸಿಸ್’ ಎಂದರೆ ನೋಟ. 1879ರಲ್ಲಿ ಈ ಪದವನ್ನು ಬಳಕೆಗೆ ತಂದವರು ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ. ಅಟಾಪ್ಸಿ ಹೆಣದ ಪರೀಕ್ಷೆ; ಬಯಾಪ್ಸಿ ಬದುಕಿರುವವರದು. ಕನ್ನಡದ ‘ಅಂಗಾಂಶ ಪರೀಕ್ಷೆ’ ಪುಸ್ತಕದಿಂದ ಆಡುಮಾತಿಗೆ ಇಳಿಯಲೇ ಇಲ್ಲ.

ಕೆಜಿಎಫ್, ಬಂಗಾರಪೇಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಗಣಿಯ ಮಾತು ಉಳಿದಿದೆ. ಬಂಡೆಗೆ ಟೊಳ್ಳು ಡ್ರಿಲ್ ಇಳಿಸಿ ತೆಗೆಯುವ ಕೋಲಿನಂಥ ಕಲ್ಲಿಗೆ ‘ಕೋರ್’ ಎನ್ನುತ್ತಾರೆ. ಬಯಾಪ್ಸಿಯಲ್ಲಿ, ಉದಾಹರಣೆಗೆ ಕಿಡ್ನಿಯ ಸಣ್ಣ ಗಡ್ಡೆಯಿಂದ, ಸೂಜಿ ತರುವ ದಾರದೆಳೆಯಂಥ ತುಣುಕೂ ಕೋರ್! ಚರ್ಮ ಮರಗಟ್ಟಿಸಿ, ಅಲ್ಟ್ರಾಸೌಂಡ್ ಅಥವಾ ಸಿಟಿ ಚಿತ್ರ ನೋಡುತ್ತಲೇ ಬೆನ್ನ ಕಡೆಯಿಂದ ಸೂಜಿ ಇಳಿಸುತ್ತಾರೆ. ನಾಲ್ಕು ಸೆಂಟಿಮೀಟರ್‌ಗಿಂತ ಚಿಕ್ಕದಾದ ಇಂಥ ಗಡ್ಡೆಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರೇ ಅಲ್ಲ. ಕತ್ತರಿಸುವ ಮುನ್ನ ನೋಡುವುದು ಅದಕ್ಕೇ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತು ಊರಲ್ಲೆಲ್ಲ ಇದೆ. ಹಾಗಾಗುವುದು ತೀರ ಅಪರೂಪ. ಹೆದರಿ ತಪ್ಪಿಸಿಕೊಳ್ಳಬೇಡಿ, ವೈದ್ಯರನ್ನು ಕೇಳಿ.