ಸದಲಗಾ: ದೂಧಗಂಗೆಯ ದಡದ ಊರು, ಎರಡು ಬಗೆಯ ಶ್ರುತಸೇವೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಸದಲಗಾ ದೂಧಗಂಗಾ ನದಿಯ ದಡದಲ್ಲಿರುವ ಸಣ್ಣ ಪಟ್ಟಣ. ಕಬ್ಬು, ತಂಬಾಕು ಬೆಳೆಯುವ ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಮಾತುಗಳು ನಡೆಯುತ್ತವೆ. ರಾಜಕೀಯ ಚರಿತ್ರೆಯಲ್ಲಿ ಈ ಊರಿಗೆ ದೊಡ್ಡ ಸ್ಥಾನವಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಜೈನ ವಾಙ್ಮಯದ ಚರಿತ್ರೆಯನ್ನು ಬರೆಯುವವರು ಇದರ ಹೆಸರನ್ನು ಎರಡು ಸಲ ಹೇಳಲೇಬೇಕಾಗುತ್ತದೆ. ಪ್ರಾಕೃತ ವಿದ್ವಾಂಸ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು 1906ರಲ್ಲಿ ಇಲ್ಲಿ ಜನಿಸಿದರು. ಆಚಾರ್ಯ ಶ್ರೀ ವಿದ್ಯಾಸಾಗರರು 1946ರಲ್ಲಿ ಇದೇ ಊರಿನ ಮನೆತನವೊಂದರಲ್ಲಿ ಜನಿಸಿದರು.

ಈ ಇಬ್ಬರ ಸಾಧನೆಗೆ ಹಿನ್ನೆಲೆಯಾಗಿ ಸುತ್ತಲಿನ ನೆಲದ ಪ್ರಾಚೀನತೆಯನ್ನು ಗಮನಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಈ ಪ್ರದೇಶವು ಕೊಲ್ಲಾಪುರದ ಶಿಲಾಹಾರರು ಮತ್ತು ಸವದತ್ತಿಯ ರಟ್ಟರ ಪ್ರಭಾವವಲಯದಲ್ಲಿತ್ತು. ಸದಲಗಾಕ್ಕೆ ಸಮೀಪದ ಯಕ್ಸಂಬಾದಲ್ಲಿ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣನು ನೇಮಿನಾಥ ಬಸದಿಯನ್ನು ಕಟ್ಟಿಸಿದನು. 1165ರ ಅಲ್ಲಿಯ ಶಾಸನವು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ಗುರುಪರಂಪರೆಯನ್ನು ಹೇಳುತ್ತದೆ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನದಲ್ಲಿಯೂ ಇದೇ ಗಣದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರರ ಹೆಸರುಗಳಿವೆ. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರಾಗಿರುತ್ತಿದ್ದರು. ಸ್ತ್ರೀಮುಕ್ತಿಯನ್ನೂ ಕೇವಲಿಯ ಆಹಾರಸೇವನೆಯನ್ನೂ ಶ್ವೇತಾಂಬರರಂತೆ ಒಪ್ಪುತ್ತಿದ್ದರು. ಕಾಲಾಂತರದಲ್ಲಿ ಅವರು ದಿಗಂಬರ ಸಮಾಜದಲ್ಲಿ ಕರಗಿಹೋದರು. ಅವರು ಪೂಜಿಸಿದ ಬಸದಿಗಳು ಉಳಿದವು, ಸಂಘದ ನೆನಪು ಅಳಿಯಿತು.

ಅಳಿದ ಈ ನೆನಪನ್ನು ವಿದ್ವತ್ ಲೋಕಕ್ಕೆ ಮರಳಿ ತಂದುಕೊಟ್ಟವರಲ್ಲಿ ಉಪಾಧ್ಯೆಯವರು ಪ್ರಮುಖರು. 1930ರಲ್ಲಿ ಎಂ.ಎ. ಮುಗಿಸಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದ ಅವರು, ಕೆಲವೇ ವರ್ಷಗಳಲ್ಲಿ ಯಾಪನೀಯ ಸಂಘವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಯಕ್ಸಂಬಾ, ಕಾಗವಾಡಗಳ ಶಾಸನಗಳು ಅವರ ಬರಹಗಳಲ್ಲಿ ಆಧಾರಗಳಾಗಿ ಬರುತ್ತವೆ. ತನ್ನ ಊರಿನ ಆಸುಪಾಸಿನ ಜನರೇ ಮರೆತ ಇತಿಹಾಸವನ್ನು, ಶ್ರದ್ಧೆಗೆ ಒಪ್ಪುತ್ತದೆಯೋ ಇಲ್ಲವೋ ಎಂದು ನೋಡದೆ, ಸಾಕ್ಷ್ಯವಿದ್ದಷ್ಟನ್ನು ಅವರು ಹೇಳಿದರು.

ಗ್ರಂಥಸಂಪಾದನೆಯಲ್ಲಿಯೂ ಇದೇ ಶಿಸ್ತು ಕಾಣುತ್ತದೆ. 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಅವರು ವಿಸ್ತಾರವಾದ ಇಂಗ್ಲಿಷ್ ಪ್ರಸ್ತಾವನೆಯೊಡನೆ ಹೊರತಂದರು. ಕುಂದಕುಂದರ ಕಾಲ, ಕೃತಿಗಳು, ಪ್ರಾಕೃತದ ಸ್ವರೂಪ, ಟೀಕಾಕಾರರ ಪಾಠಭೇದಗಳು ಅಲ್ಲಿ ಒಂದೊಂದಾಗಿ ಪರೀಕ್ಷೆಗೆ ಒಳಗಾಗಿವೆ. ಜಟಾಸಿಂಹನಂದಿಯ ‘ವರಾಂಗಚರಿತ’ವನ್ನು 1938ರಲ್ಲಿ ಪ್ರಕಟಿಸಿದಾಗ, ಕನ್ನಡ ಕವಿಗಳು ಸ್ಮರಿಸುತ್ತ ಬಂದ ಜಟಾಚಾರ್ಯನ ಕಾವ್ಯ ಓದುಗರ ಕೈಗೆ ಬಂದಿತು. 1943ರ ‘ಬೃಹತ್ಕಥಾಕೋಶ’ದ ಪ್ರಸ್ತಾವನೆಯಲ್ಲಿ ಆರಾಧನಾ ಕಥೆಗಳ ಪರಂಪರೆಯನ್ನು ವಿವರಿಸುವಾಗ ‘ವಡ್ಡಾರಾಧನೆ’ಯ ಚರ್ಚೆಯೂ ಬರುತ್ತದೆ. ಕನ್ನಡ ಗದ್ಯವನ್ನು ಅಭ್ಯಾಸ ಮಾಡುವವರಿಗೆ ಅದು ಇಂದಿಗೂ ಉಪಯುಕ್ತ.

ಈ ಬರಹಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಉದ್ಯೋಗದ ಬಹುಭಾಗ ಕಳೆದದ್ದು ಕೊಲ್ಲಾಪುರದಲ್ಲಿ. ಹಾಗಿದ್ದರೂ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಅದೇ ವರ್ಷ ಮಹಾಜನ ಆಯೋಗವು ವರದಿ ಸಲ್ಲಿಸಿತು. ನಿಪ್ಪಾಣಿಯೂ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದು ಅದು ಸೂಚಿಸಿತ್ತು. ಊರುಗಳು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ ತೀವ್ರವಾಗಿದ್ದ ಹೊತ್ತಿನಲ್ಲಿ, ಎರಡೂ ಕಡೆಯ ವಿದ್ಯೆಯಿಂದ ಬೆಳೆದ ಗಡಿನಾಡಿನ ವಿದ್ವಾಂಸನೊಬ್ಬ ಕನ್ನಡದ ಹಿರಿಯ ಪೀಠದಲ್ಲಿ ಕುಳಿತದ್ದು ಗಮನಾರ್ಹ. 1971ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ಪೀಠಕ್ಕೆ ಬಂದರು. 1975ರಲ್ಲಿ ನಿಧನರಾದರು.

ವಿದ್ಯಾಸಾಗರರ ದಾರಿ ಬೇರೆ. ಮಲ್ಲಪ್ಪ ಅಷ್ಟಗೆ ಮತ್ತು ಶ್ರೀಮಂತಿ ದಂಪತಿಗಳ ಮಗನಾದ ವಿದ್ಯಾಧರ ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿಯವರೆಗೆ ಓದಿದರು. ತಾರುಣ್ಯದಲ್ಲಿಯೇ ಮನೆ ಬಿಟ್ಟು ರಾಜಸ್ಥಾನಕ್ಕೆ ಹೋದರು. 30 ಜೂನ್ 1968ರಂದು ಅಜ್ಮೇರದಲ್ಲಿ ಆಚಾರ್ಯ ಜ್ಞಾನಸಾಗರರಿಂದ ಮುನಿದೀಕ್ಷೆ ಪಡೆದರು. 1972ರಲ್ಲಿ ಗುರುಗಳೇ ಅವರಿಗೆ ಆಚಾರ್ಯಪದವನ್ನು ಒಪ್ಪಿಸಿದರು. ಜ್ಞಾನಸಾಗರರ ಗುರು ಶಿವಸಾಗರರು, ಶಿವಸಾಗರರ ಗುರು ವೀರಸಾಗರರು, ವೀರಸಾಗರರ ಗುರು ಚಾರಿತ್ರಚಕ್ರವರ್ತಿ ಶಾಂತಿಸಾಗರರು. ದಿಗಂಬರ ಮುನಿಚರ್ಯೆಗೆ ಮರುಚೈತನ್ಯ ಕೊಟ್ಟ ಶಾಂತಿಸಾಗರರು ಸದಲಗಾಕ್ಕೆ ಹತ್ತಿರದ, ವೇದಗಂಗಾ ಮತ್ತು ದೂಧಗಂಗಾ ಕೂಡುವ ಭೋಜ ಗ್ರಾಮದವರು. ಹೀಗೆ ಭೋಜದಿಂದ ಉತ್ತರಕ್ಕೆ ಹೋದ ಪರಂಪರೆಯನ್ನೇ ಸದಲಗಾದ ತರುಣನು ಅಜ್ಮೇರದಲ್ಲಿ ಸ್ವೀಕರಿಸಿದಂತಾಯಿತು. ಮುಂದೆ ತಂದೆ, ತಾಯಿ ಮತ್ತು ಸಹೋದರರೂ ದೀಕ್ಷೆ ವಹಿಸಿದರು. 18 ಫೆಬ್ರವರಿ 2024ರಂದು ಡೊಂಗರಗಢದಲ್ಲಿ ವಿದ್ಯಾಸಾಗರರು ಸಲ್ಲೇಖನಪೂರ್ವಕ ಸಮಾಧಿ ಹೊಂದಿದ ಮೇಲೆ, ಅವರ ಪೂರ್ವಾಶ್ರಮದ ತಮ್ಮ ಸಮಯಸಾಗರರು ಆಚಾರ್ಯರಾದರು.

ಕನ್ನಡದಲ್ಲಿ ಬೆಳೆದ ಈ ಮುನಿಗಳ ಮುಖ್ಯ ಕಾವ್ಯ ‘ಮೂಕಮಾಟಿ’ ಹಿಂದಿಯಲ್ಲಿದೆ; 1988ರಲ್ಲಿ ಪ್ರಕಟವಾಯಿತು. ಕಾಲಡಿಯ ಮಣ್ಣು ಕುಂಬಾರನ ಕೈಯಲ್ಲಿ ಹದಗೊಂಡು, ಆವಿಗೆಯ ಬೆಂಕಿಯಲ್ಲಿ ಬೆಂದು ಮಂಗಲಕಲಶವಾಗುವುದೇ ಅದರ ಕಥೆ. ಅರಸರನ್ನೂ ಶಲಾಕಾಪುರುಷರನ್ನೂ ನಾಯಕರನ್ನಾಗಿ ಮಾಡಿದ ಜೈನ ಮಹಾಕಾವ್ಯ ಪರಂಪರೆಯಲ್ಲಿ ಮಣ್ಣನ್ನು ನಾಯಕಸ್ಥಾನಕ್ಕೆ ಏರಿಸಿದ್ದು ಒಕ್ಕಲುತನದ ಮನೆಯಿಂದ ಬಂದ ಕವಿಗೆ ಸಹಜವೆನಿಸುತ್ತದೆ. ಇದಲ್ಲದೆ ಅವರು ಕುಂದಕುಂದರ ‘ಸಮಯಸಾರ’ವನ್ನು ‘ಕುಂದಕುಂದ ಕಾ ಕುಂದನ’ ಎಂಬ ಹೆಸರಿನಲ್ಲಿ ಹಿಂದಿ ಪದ್ಯಕ್ಕೆ ತಂದರು.

ಇಬ್ಬರೂ ಸಂಧಿಸುವುದು ಇಲ್ಲಿಯೇ. ಉಪಾಧ್ಯೆಯವರು ಕುಂದಕುಂದರ ಗಾಥೆಗಳನ್ನು ಪಾಠ, ಕಾಲ, ಭಾಷೆಗಳ ದೃಷ್ಟಿಯಿಂದ ಶೋಧಿಸಿದರು. ವಿದ್ಯಾಸಾಗರರು ಅದೇ ಆಚಾರ್ಯರ ಮಾತನ್ನು ಚರ್ಯೆಯಾಗಿ ಬಾಳಿದರು, ಜನರ ನಾಲಗೆಗೆ ಹಾಡಾಗಿ ಕೊಟ್ಟರು. ಮೊದಲನೆಯದು ಇಲ್ಲದಿದ್ದರೆ ಗ್ರಂಥದ ಶುದ್ಧರೂಪ ತಿಳಿಯದು. ಎರಡನೆಯದು ಇಲ್ಲದಿದ್ದರೆ ಗ್ರಂಥ ಭಂಡಾರದಲ್ಲಿಯೇ ಉಳಿಯುತ್ತದೆ. ವಿಶ್ವವಿದ್ಯಾಲಯದವರು ಉಪಾಧ್ಯೆಯವರನ್ನೂ ಶ್ರಾವಕರು ವಿದ್ಯಾಸಾಗರರನ್ನೂ ಸ್ಮರಿಸುತ್ತಾರೆ; ಇಬ್ಬರನ್ನೂ ಒಟ್ಟಿಗೆ ಓದುವವರು ವಿರಳ.

ಊರಿನ ಇತಿಹಾಸವೆಂದರೆ ಅರಸರ ದಾನ, ಕೋಟೆ, ಕಾಳಗಗಳ ಪಟ್ಟಿ ಎಂಬ ರೂಢಿಯ ತಿಳಿವಳಿಕೆಯಿಂದ ಸದಲಗಾದಂಥ ಊರುಗಳಿಗೆ ನ್ಯಾಯ ಸಿಗದು. ಇಲ್ಲಿಂದ ಹೊರಟವರು ಬರೆದದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ದುಡಿದದ್ದು ಪ್ರಾಕೃತಕ್ಕಾಗಿ. ಈ ಕಾರಣಕ್ಕೆ ಕನ್ನಡ ಸಾಹಿತ್ಯ ಚರಿತ್ರೆ ಅವರನ್ನು ಹೊರಗಿಟ್ಟರೆ ನಷ್ಟ ಕನ್ನಡಕ್ಕೇ. ‘ಪ್ರವಚನಸಾರ’ದ ಪ್ರಸ್ತಾವನೆಯೂ ‘ಮೂಕಮಾಟಿ’ಯೂ ಕನ್ನಡ ವಿದ್ಯಾರ್ಥಿಯ ಮೇಜಿನ ಮೇಲೆ ಒಟ್ಟಿಗೆ ಇರುವ ದಿನ, ದೂಧಗಂಗೆಯ ದಡದ ಈ ಊರಿನ ಚರಿತ್ರೆ ಸರಿಯಾಗಿ ಆರಂಭವಾದಂತೆ.