ಮತದಾನಕ್ಕೆ ಮುಂಚಿನ ಆಯ್ಕೆ: ೧೯೬೯ರ ಬೆಂಗಳೂರು ಪ್ರಕರಣ

ದಾವಣಗೆರೆಯ ನಗರಸೀಮೆಯೊಳಗೆ ಸೇರಿಹೋಗಿರುವ ಆನೆಕೊಂಡವು ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದಿತು. ಅಲ್ಲಿಯ ಈಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಶೈಲಿಗೆ ಸೇರಿದುದು; ಶಿಲ್ಪವನ್ನು ಬಲ್ಲವರು ಅದನ್ನು ನೋಡಲು ಬರುವುದುಂಟು. ಊರವರಿಗಾದರೋ ಆನೆಕೊಂಡವೆಂದರೆ ಶ್ರಾವಣಮಾಸದ ಬಸವೇಶ್ವರನ ಜಾತ್ರೆ, ಆ ಸಮಯದಲ್ಲಿ ಹೊರಬೀಳುವ ಕಾರ್ಣಿಕ. ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕದಂತೆ ಇದೂ ಅಲ್ಪಾಕ್ಷರವಾದುದು. ಅರ್ಥವನ್ನು ಕೇಳಿದವರೇ ಹಚ್ಚಿಕೊಳ್ಳಬೇಕು. ಕೆಲವರು ಮಳೆಬೆಳೆಗಳಿಗೆ ಹಚ್ಚುವರು. ಚುನಾವಣೆ ಸಮೀಪಿಸಿದ್ದರೆ, ಗೆಲವು ಯಾರಿಗೆ, ಗಾದಿ ಯಾರಿಗೆ ಎಂಬುದಕ್ಕೆ ಹಚ್ಚುವರು. ನುಡಿ ಒಂದೇ ಆದರೂ ಅದಕ್ಕೆ ಕೊಟ್ಟ ಅರ್ಥದಲ್ಲಿ ಕೇಳಿದವನ ಒಲವು ಬಯಲಾಗುವುದು. ಅಭ್ಯರ್ಥಿಗಳನ್ನು ಕುರಿತ ಜನಾಭಿಪ್ರಾಯವು ಮತಪೆಟ್ಟಿಗೆಗಿಂತ ಮೊದಲೇ ಹೀಗೆ ರೂಪುಗೊಂಡಿರುತ್ತದೆ. ಆದರೆ ಆ ಅಭ್ಯರ್ಥಿಯು ಯಾರಾಗಬೇಕೆಂಬುದನ್ನು ನಿಶ್ಚಯಿಸುವಲ್ಲಿ ಅದಕ್ಕೆ ಎಷ್ಟು ಸ್ಥಾನವಿದ್ದಿತೆಂಬುದು ವಿಚಾರಾರ್ಹವಾದ ವಿಷಯ.

ಚುನಾವಣೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮತದಾನದ ದಿನದಿಂದ ಆರಂಭಿಸುವರು. ಅದಕ್ಕೆ ಮುಂಚೆ ಇನ್ನೊಂದು ಆಯ್ಕೆ ನಡೆದಿರುತ್ತದೆ. ಅದು ಬಾಗಿಲು ಮುಚ್ಚಿದ ಕೊಠಡಿಯಲ್ಲಿ ನಡೆಯುವುದರಿಂದ ಬರಹಕ್ಕೆ ಸಿಕ್ಕುವುದು ಕಡಮೆ. ಆ ಕೊಠಡಿಯ ಬಾಗಿಲು ಒಮ್ಮೆ ಬೆಂಗಳೂರಿನಲ್ಲಿಯೇ ತೆರೆದುಹೋಯಿತು. ರಾಷ್ಟ್ರಪತಿಯ ಪದವಿಗೆ ಅಭ್ಯರ್ಥಿಯನ್ನು ಗೊತ್ತುಮಾಡಿದ ೧೯೬೯ರ ಆ ಸಂದರ್ಭದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪನವರು. ದಾವಣಗೆರೆಯು ೧೯೯೭ರವರೆಗೆ ಯಾವ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತೋ ಆ ಚಿತ್ರದುರ್ಗದಿಂದಲೇ ಅವರು ಮೊದಲನೆಯ ಲೋಕಸಭೆಗೆ ಚುನಾಯಿತರಾಗಿದ್ದರು.

ಪ್ರಕರಣಕ್ಕೆ ಮುಂಚೆ ಪದಗಳನ್ನು ಸ್ವಲ್ಪ ಪರಿಶೀಲಿಸುವುದು ಉಚಿತ. ಕನ್ನಡದಲ್ಲಿ ಅಭಿಪ್ರಾಯಕ್ಕೂ ಓಟಿಗೂ ‘ಮತ’ವೆಂಬುದೊಂದೇ ಶಬ್ದ. ‘ಮನ್’ ಧಾತುವಿನ ಕ್ತಾಂತರೂಪವಾದ ಇದಕ್ಕೆ ಪಾಣಿನಿಯು ವರ್ತಮಾನಾರ್ಥವನ್ನು ವಿಧಿಸಿದ್ದಾನೆ. ಅಲ್ಲಿ ವೃತ್ತಿಕಾರರು ಕೊಡುವ ಉದಾಹರಣೆಯಲ್ಲಿ ‘ಮತ’ನಾದವನು ರಾಜರಿಗೆ ಸಮ್ಮತನಾದವನು, ಪ್ರಜೆಗಳಿಗಲ್ಲ! ‘ಉಮೇದುವಾರ’ನೆಂದರೆ ಪಾರಸಿಯಲ್ಲಿ ಆಸೆಯುಳ್ಳವನು, ‘ಅಭ್ಯರ್ಥಿ’ಯೆಂದರೆ ಬೇಡುವವನು. ಎರಡು ಶಬ್ದಗಳೂ ನಿಲ್ಲುವವನ ಮನಸ್ಸನ್ನು ಹೇಳುವುವೇ ಹೊರತು ಅವನನ್ನು ನಿಲ್ಲಿಸಿದವರಾರೆಂಬುದನ್ನು ಹೇಳುವುದಿಲ್ಲ. ಬೀದಿಯ ಮಾತಾದ ‘ಟಿಕೆಟ್ಟು’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದುದು. ಟಿಕೆಟ್ಟು ಸಿಕ್ಕಿತೆಂದರೆ ಕೊಟ್ಟವನೊಬ್ಬನಿದ್ದಾನೆಂದು ತಾನಾಗಿಯೇ ಸಿದ್ಧಿಸುತ್ತದೆ.

ಕೊಡುವವರು ಯಾರಾಗಿರಬೇಕೆಂಬ ವಿವಾದವು ದೀರ್ಘಕಾಲ ನಡೆದುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. ಪಕ್ಷದ ಮುಖಂಡರು ಮಹಾಧಿವೇಶನದಲ್ಲಿ ಕಲೆತು ಅಧ್ಯಕ್ಷಪದವಿಯ ಅಭ್ಯರ್ಥಿಯನ್ನು ಗೊತ್ತುಮಾಡುವುದು ಅಲ್ಲಿಯ ಹಳೆಯ ಕ್ರಮ. ಅಭ್ಯರ್ಥಿಗಳನ್ನು ಪಕ್ಷದ ಮತದಾರರೇ ಆರಿಸುವ ಪೂರ್ವಚುನಾವಣೆಗೆ ವಿಸ್ಕಾನ್ಸಿನ್ ಸಂಸ್ಥಾನವು ೧೯೦೩ರಲ್ಲಿ ಶಾಸನವನ್ನು ಮಾಡಿತು. ಆದರೂ ಬಹುಕಾಲ ಅಧ್ಯಕ್ಷಪದವಿಯ ವಿಷಯದಲ್ಲಿ ಮುಖಂಡರ ಕೈಯೇ ಮೇಲಾಗಿದ್ದಿತು. ೧೯೬೮ರಲ್ಲಿ ವಿಯಟ್ನಾಮಿನ ಯುದ್ಧವನ್ನು ವಿರೋಧಿಸಿದ ಯೂಜೀನ್ ಮೆಕಾರ್ತಿಯ ಪರವಾಗಿ ವಿದ್ಯಾರ್ಥಿಗಳು, ಮನೆಯವರು ಬೆದರದಿರಲೆಂದು ಗಡ್ಡ ಬೋಳಿಸಿ ಕೂದಲು ಕತ್ತರಿಸಿಕೊಂಡು, ನ್ಯೂ ಹ್ಯಾಂಪ್‌ಶೈರಿನ ಬಾಗಿಲುಬಾಗಿಲಿಗೆ ಹೋದರು. ಅಧಿಕಾರದಲ್ಲಿದ್ದ ಅಧ್ಯಕ್ಷ ಜಾನ್ಸನ್ನರಿಗೆ ನೂರಕ್ಕೆ ಸುಮಾರು ೪೯, ಮೆಕಾರ್ತಿಗೆ ೪೨ ಮತಗಳು ಬಂದುವು. ಗೆದ್ದ ಜಾನ್ಸನ್ನರೇ ಕೆಲವು ವಾರಗಳಲ್ಲಿ ಕಣದಿಂದ ಹಿಂದೆಗೆದರು. ಹೀಗಿದ್ದೂ ಷಿಕಾಗೋ ಮಹಾಧಿವೇಶನವು ಆರಿಸಿದುದು ಒಂದು ಪೂರ್ವಚುನಾವಣೆಯಲ್ಲಿಯೂ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಯನ್ನು. ಆ ಅಸಮಾಧಾನದ ಫಲವಾಗಿಯೇ ೧೯೭೨ರಿಂದ ಮತದಾರರ ಪೂರ್ವಚುನಾವಣೆಯು ನಿರ್ಣಾಯಕವಾಯಿತು.

ಕನ್ನಡ ನಾಡಿನಲ್ಲಿ ಆಧುನಿಕ ಪ್ರಾತಿನಿಧ್ಯವು ಹುಟ್ಟಿದುದೇ ಮೇಲಿನವರ ಆಯ್ಕೆಯಿಂದ. ದಿವಾನ್ ರಂಗಾಚಾರ್ಲು ಅವರು ೧೮೮೧ರ ಅಕ್ಟೋಬರಿನಲ್ಲಿ ಕೂಡಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದ ೧೪೪ ಮಂದಿಯೂ ಜನರಿಂದ ಚುನಾಯಿತರಾದವರಲ್ಲ. ತಾಲ್ಲೂಕಿಗೆ ಒಬ್ಬಿಬ್ಬರು ಪ್ರಭಾವವುಳ್ಳ ಬೇಸಾಯಗಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು ಎಂಬುದು ಅಂದಿನ ಲೆಕ್ಕ. ಚುನಾವಣೆಯು ೧೮೯೧ರಲ್ಲಿ, ಅದೂ ಆಸ್ತಿಯುಳ್ಳವರಿಗೂ ಪದವೀಧರರಿಗೂ ಮಾತ್ರ, ಬಂದಿತು. ಮುಂದೆ ಪಕ್ಷಗಳು ಹುಟ್ಟಿದಾಗ ಅಮಲ್ದಾರನ ಸ್ಥಾನದಲ್ಲಿ ಪಕ್ಷದ ಮಂಡಲಿ ಬಂದಿತೆಂದು ಹೇಳಿದರೆ ತಪ್ಪಾಗಲಾರದು.

ಈಗ ೧೯೬೯ಕ್ಕೆ ಬರಬೇಕು. ಮೇ ೩ರಂದು ರಾಷ್ಟ್ರಪತಿ ಜಾಕೀರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈ ತಿಂಗಳಿನಲ್ಲಿ ಕಾಂಗ್ರೆಸ್ ಮಹಾಸಮಿತಿಯು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕೂಡಿತು. ಗಾಜಿನ ಮನೆಯಲ್ಲಿ ನಡೆದ ಚರ್ಚೆ ಎಲ್ಲರಿಗೂ ಕಾಣುವಂತಹುದು. ಅಭ್ಯರ್ಥಿಯ ಆಯ್ಕೆಯಾದರೋ ಕೆಲವೇ ಮಂದಿಯ ಪಾರ್ಲಿಮೆಂಟರಿ ಮಂಡಲಿಯಲ್ಲಿ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಮಂಡಲಿಯು ಬಹುಮತದಿಂದ ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರನ್ನು ಗೊತ್ತುಮಾಡಿತು. ಪ್ರಧಾನಿಗೆ ಸಮ್ಮತವಲ್ಲದ ಅಭ್ಯರ್ಥಿಯ ನಾಮಪತ್ರಕ್ಕೆ ಪ್ರಧಾನಿಯೇ ಸೂಚಕರಾಗಬೇಕಾಗಿ ಬಂದುದು ಈ ಪ್ರಕರಣದ ವಿಚಿತ್ರಗಳಲ್ಲೊಂದು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಪದತ್ಯಾಗಮಾಡಿ ಸ್ವತಂತ್ರರಾಗಿ ನಿಂತರು. ಸ್ವತಂತ್ರ ಪಕ್ಷವೂ ಜನಸಂಘವೂ ಸಿ. ಡಿ. ದೇಶಮುಖರನ್ನು ಬೆಂಬಲಿಸಿದುವು.

ಮತ ಕೊಡತಕ್ಕವರು ಶಾಸಕರೂ ಸಂಸತ್ಸದಸ್ಯರೂ ಮಾತ್ರ. ಆದರೂ ಪ್ರಚಾರವು ಬೀದಿಗೆ ಬಂದಿತು. ಜುಲೈ ೧೯ರಂದು ೧೪ ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಪ್ರಧಾನಿಯ ಮನೆಯ ಮುಂದೆ ಜನರ ಗುಂಪುಗಳು ನೆರೆಯತೊಡಗಿದುವು. ಮತವಿಲ್ಲದ ಜನರ ಅಭಿಪ್ರಾಯವನ್ನು ಮತವುಳ್ಳವರ ಮುಂದೆ ನಿಲ್ಲಿಸಿದುದು ಆ ಪಕ್ಷದವರ ಮುಖ್ಯ ತಂತ್ರ. ನಿಜಲಿಂಗಪ್ಪನವರ ತಂತ್ರವು ಬೇರೆಯಾಗಿದ್ದಿತು. ಈ ಚುನಾವಣೆಯಲ್ಲಿ ಎರಡನೆಯ ಪ್ರಾಶಸ್ತ್ಯದ ಮತಕ್ಕೂ ಬೆಲೆಯುಂಟಾದುದರಿಂದ, ಅವರು ಜನಸಂಘದ ಮತ್ತು ಸ್ವತಂತ್ರ ಪಕ್ಷದ ಮುಖಂಡರನ್ನು ಕಂಡು, ಆ ಮತಗಳು ರೆಡ್ಡಿಯವರಿಗೆ ಬರಲೆಂದು ಕೇಳಿದರು. ಇದನ್ನೇ ಹಿಡಿದು ಇಂದಿರಾ ಗಾಂಧಿಯವರು ಪಕ್ಷದ ಸದಸ್ಯರಿಗೆ ಆಜ್ಞೆ ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಗನುಸಾರವಾಗಿ ಮತ ಕೊಡಬೇಕೆಂದು ಕರೆಯಿತ್ತರು. ಅನಾಮಧೇಯವಾದ ಕರಪತ್ರವೊಂದು ರೆಡ್ಡಿಯವರ ಖಾಸಗಿ ಜೀವನವನ್ನು ನಿಂದಿಸಿ ಸಂಸತ್ಸದಸ್ಯರ ಕೈಗೆ ಬಂದಿತು. ಆ ವಿಷಯವು ಮುಂದೆ ಸುಪ್ರೀಂ ಕೋರ್ಟಿಗೆ ಹೋಗಿ, ರಾಷ್ಟ್ರಪತಿಗಳು ತಾವೇ ಸಾಕ್ಷಿ ನುಡಿಯುವಂತಾಯಿತು. ೧೯೭೦ರಲ್ಲಿ ಅರ್ಜಿಯು ತಳ್ಳಲ್ಪಟ್ಟಿತು.

ಆಗಸ್ಟ್ ೧೬ರಂದು ಮತದಾನವಾಗಿ ೨೦ರಂದು ಎಣಿಕೆ ನಡೆಯಿತು. ಮೊದಲನೆಯ ಎಣಿಕೆಯಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಮೌಲ್ಯದ ಮತಗಳು ಬಂದುವು. ಯಾರಿಗೂ ಬೇಕಾದ ಬಹುಮತ ದೊರೆಯದೆ ಎರಡನೆಯ ಪ್ರಾಶಸ್ತ್ಯಗಳನ್ನು ಎಣಿಸಲಾಗಿ, ಗಿರಿಯವರು ೪,೨೦,೦೭೭ಕ್ಕೂ ರೆಡ್ಡಿಯವರು ೪,೦೫,೪೨೭ಕ್ಕೂ ಏರಿದರು. ಈ ಅಂಕೆಗಳು ಒಂದು ಪ್ರಚಲಿತ ಅಭಿಪ್ರಾಯವನ್ನು ತಿದ್ದುತ್ತವೆ. ನಿಜಲಿಂಗಪ್ಪನವರ ತಂತ್ರವು ಸಂಪೂರ್ಣ ವಿಫಲವಾಯಿತೆಂದು ಹೇಳುವುದುಂಟು. ಆದರೆ ಎರಡನೆಯ ಎಣಿಕೆಯಲ್ಲಿ ರೆಡ್ಡಿಯವರಿಗೆ ಸೇರಿದುದು ೯೧,೮೭೯, ಗಿರಿಯವರಿಗೆ ೧೮,೫೬೨ ಮಾತ್ರ. ಗಣಿತದಲ್ಲಿ ಆ ತಂತ್ರವು ಫಲಿಸಿತು, ಕೆಡಿಸಿದುದು ಲೋಕಾಭಿಪ್ರಾಯದಲ್ಲಿ. ಎದುರುಪಕ್ಷಗಳ ಬಾಗಿಲಿಗೆ ಹೋದ ಅಧ್ಯಕ್ಷರಿಗೆ ತಮ್ಮವರಿಂದಲೇ ವಿಧೇಯತೆಯನ್ನು ಕೇಳುವ ಬಲವು ಉಳಿಯಲಿಲ್ಲ. ಇಂದಿರಾ ಗಾಂಧಿಯವರ ನಡತೆಯೂ ನಿರ್ದೋಷವೆನ್ನುವಂತಿಲ್ಲ: ತಾವೇ ಸೂಚಿಸಿದ ಅಭ್ಯರ್ಥಿಯನ್ನು ಕೈಬಿಡುವುದಕ್ಕೆ ಆತ್ಮಸಾಕ್ಷಿಯೆಂಬ ಹೆಸರು ಎಷ್ಟುಮಟ್ಟಿಗೆ ಒಪ್ಪುವುದೆಂಬುದು ಸಂದೇಹಾಸ್ಪದವಾಗಿಯೇ ಇದೆ.

ನವೆಂಬರಿನಲ್ಲಿ ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಲಾಯಿತು, ಪಕ್ಷವು ಎರಡಾಯಿತು. ಮೈಸೂರು ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆಗಿದ್ದರು. ಆಗಸ್ಟಿನಲ್ಲಿ ಕೇವಲ ಪ್ರೇಕ್ಷಕರಾಗಿದ್ದ ಸಾಮಾನ್ಯ ಮತದಾರರ ಸರದಿಯು ೧೯೭೧ರ ಮಾರ್ಚಿಯಲ್ಲಿ ಬಂದಿತು. ರಾಜ್ಯದ ೨೭ ಲೋಕಸಭಾ ಸ್ಥಾನಗಳಲ್ಲಿ ೨೭ನ್ನೂ ಅವರು ಇಂದಿರಾ ಗಾಂಧಿಯವರ ಪಕ್ಷಕ್ಕೆ ಕೊಟ್ಟರು. ಎರಡು ಅವಧಿಗಳಲ್ಲಿ ಮುಖ್ಯಮಂತ್ರಿಯಾಗಿ ನಾಡಿನ ಏಕೀಕರಣಕ್ಕೆ ದುಡಿದ ಹಿರಿಯರ ಪಕ್ಷಕ್ಕೆ ಅವರ ಸ್ವಂತ ನಾಡಿನಲ್ಲಿ ಒಂದು ಸ್ಥಾನವೂ ದೊರೆಯಲಿಲ್ಲ. ಸಂಜೀವರೆಡ್ಡಿಯವರಾದರೋ ೧೯೭೭ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಗೆದ್ದ ಪಕ್ಷದಲ್ಲಿಯೂ ಟಿಕೆಟ್ಟು ಕೊಡುವ ಅಧಿಕಾರವು ಜನರ ಬಳಿಗೆ ಇಳಿಯದೆ ದೆಹಲಿಯಲ್ಲಿ ಇನ್ನೂ ಮೇಲಕ್ಕೆ ಏರಿತೆಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ಅಮೆರಿಕಾದ ಕ್ರಮವನ್ನು ನೇರವಾಗಿ ಪರೀಕ್ಷಿಸಿದುದು ೨೦೧೪ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಕಾಂಗ್ರೆಸ್ ಪಕ್ಷವು ದೇಶದ ಕೆಲವು ಕ್ಷೇತ್ರಗಳಲ್ಲಿ ಆಂತರಿಕ ಪೂರ್ವಚುನಾವಣೆಯನ್ನು ನಡೆಸಿತು; ಕರ್ನಾಟಕದಲ್ಲಿ ಬೆಂಗಳೂರು ಉತ್ತರವೂ ದಕ್ಷಿಣ ಕನ್ನಡವೂ ಅದಕ್ಕೆ ಆಯ್ದ ಕ್ಷೇತ್ರಗಳು. ಮತ ಕೊಟ್ಟವರು ಪಕ್ಷದ ಪದಾಧಿಕಾರಿಗಳೇ ಮುಂತಾದವರು. ಸಾಮಾನ್ಯ ಮತದಾರನಿಗೆ ಪ್ರವೇಶವಿರಲಿಲ್ಲ. ಮೊದಲನೆಯದರಲ್ಲಿ ಸಿ. ನಾರಾಯಣಸ್ವಾಮಿಯವರೂ ಎರಡನೆಯದರಲ್ಲಿ ಜನಾರ್ದನ ಪೂಜಾರಿಯವರೂ ಗೆದ್ದು, ಮುಂದಿನ ಚುನಾವಣೆಯಲ್ಲಿ ಸೋತರು. ಅಭ್ಯರ್ಥಿಗಳು ಸೋತುದು ಕ್ರಮದ ದೋಷದಿಂದಲೋ ಆ ವರ್ಷದ ಗಾಳಿಯಿಂದಲೋ ಎಂಬುದನ್ನು ಎರಡು ಕ್ಷೇತ್ರಗಳಿಂದ ನಿರ್ಣಯಿಸುವುದು ಸಾಧುವಲ್ಲ. ಆದರೂ ಪ್ರಯೋಗವು ಅಲ್ಲಿಗೇ ನಿಂತಿತು.

ದಾವಣಗೆರೆ ಕ್ಷೇತ್ರದಲ್ಲಿ ೨೦೦೪, ೨೦೦೯, ೨೦೧೪ರ ಮೂರು ಚುನಾವಣೆಗಳಲ್ಲಿಯೂ ಜಿ. ಎಂ. ಸಿದ್ದೇಶ್ವರ ಮತ್ತು ಎಸ್. ಎಸ್. ಮಲ್ಲಿಕಾರ್ಜುನ ಎಂಬ ಇಬ್ಬರೇ ಪ್ರಮುಖ ಪ್ರತಿಸ್ಪರ್ಧಿಗಳಾಗಿದ್ದರು. ೨೦೨೪ರಲ್ಲಿ ಎರಡು ಪಕ್ಷಗಳೂ ಮಹಿಳೆಯರನ್ನು ನಿಲ್ಲಿಸಿದುವು: ಸಿದ್ದೇಶ್ವರರ ಪತ್ನಿ ಗಾಯತ್ರಿಯವರನ್ನೂ ಮಲ್ಲಿಕಾರ್ಜುನರ ಪತ್ನಿ ಪ್ರಭಾ ಅವರನ್ನೂ. ಅದಕ್ಕೆ ಮುಂಚೆ ಭಾರತೀಯ ಜನತಾ ಪಕ್ಷದೊಳಗೆ ಹಿರಿಯರು ಬಹಿರಂಗವಾಗಿ ಅಸಮಾಧಾನವನ್ನು ತೋರಿಸಿದರು. ಕಾಂಗ್ರೆಸ್ಸಿನ ಟಿಕೆಟ್ಟನ್ನು ಕೋರಿ ಕ್ಷೇತ್ರದಲ್ಲೆಲ್ಲ ಸಂಚರಿಸಿದ್ದ ಜಿ. ಬಿ. ವಿನಯಕುಮಾರರು ಅದು ದೊರೆಯದಿರಲು ಸ್ವತಂತ್ರರಾಗಿ ನಿಂತರು. ಗೆದ್ದವರು ಪ್ರಭಾ ಮಲ್ಲಿಕಾರ್ಜುನ. ಆ ಕ್ಷೇತ್ರದಿಂದ ಲೋಕಸಭೆಗೆ ಹೋದ ಮೊದಲನೆಯ ಮಹಿಳೆ ಅವರೇ.